ಕ್ಯಾರವಾನ್ ಕೈಯಿಂದ ತಳ್ಳುವುದೇ, ಮೋಟಾರ್ ಮೂವರ್ ಹಾಕಿಸುವುದೇ? ಇಲ್ಲಿದೆ ಸಂಪೂರ್ಣ ಮಾಹಿತಿ

'ಕ್ಯಾರವಾನ್' ಎಂದ ಕೂಡಲೇ ನಮ್ಮಲ್ಲಿ ಬಹುತೇಕರಿಗೆ ನೆನಪಾಗುವುದು ಸಿನಿಮಾ ಶೂಟಿಂಗ್ ನಡೆಯುವ ಜಾಗದಲ್ಲಿ ತಾರೆಯರಿಗಾಗಿ ನಿಂತಿರುವ ದೊಡ್ಡ ವಾಹನ. ಆದರೆ ಬ್ರಿಟನ್‌ನಲ್ಲಿ ಈ ಪದಕ್ಕೆ ಅರ್ಥವೇ ಬೇರೆ. ಅಲ್ಲಿ ಟೂರಿಂಗ್ ಕ್ಯಾರವಾನ್ ಎಂದರೆ ಎಂಜಿನ್ ಇಲ್ಲದ, ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಪುಟ್ಟ ಮನೆ. ಹಾಸಿಗೆ, ಅಡುಗೆ ಒಲೆ, ಫ್ರಿಜ್, ಶೌಚಾಲಯ ಎಲ್ಲವೂ ಅದರೊಳಗೇ ಇರುತ್ತವೆ. ರಜೆ ಬಂತೆಂದರೆ ಸಾಕು, ಸಾವಿರಾರು ಕುಟುಂಬಗಳು ಇದನ್ನು ಕಾರಿಗೆ ಕಟ್ಟಿಕೊಂಡು ಊರು ಬಿಡುತ್ತವೆ.

ಹೆದ್ದಾರಿಯಲ್ಲಿ ಎಳೆಯುವುದೇನೋ ಕಾರಿನ ಕೆಲಸ. ಆದರೆ ತಲುಪಿದ ಮೇಲೆ ಕೊಂಡಿ ಬಿಚ್ಚಿ, ಕ್ಯಾಂಪ್ ಸೈಟ್‌ನ ಹುಲ್ಲಿನ ಮೇಲೆ ಸರಿಯಾದ ಜಾಗದಲ್ಲಿ ನಿಲ್ಲಿಸುವುದು ಯಾರು? ವಾಪಸ್ ಬಂದ ಮೇಲೆ ಮನೆಯ ಮುಂದಿನ ಇಕ್ಕಟ್ಟಾದ ಜಾಗಕ್ಕೆ ನುಗ್ಗಿಸುವುದು ಹೇಗೆ? ಒಂದೂವರೆ ಟನ್ ತೂಗುವ ಈ ಪೆಟ್ಟಿಗೆಯನ್ನು ಕೈಯಿಂದ ತಳ್ಳಬೇಕೇ, ಅಥವಾ 'ಮೋಟಾರ್ ಮೂವರ್' ಎಂಬ ಯಂತ್ರಕ್ಕೆ ನೂರಾರು ಪೌಂಡ್ ಸುರಿಯಬೇಕೇ? ಕ್ಯಾರವಾನ್ ಕೊಳ್ಳುವ ಪ್ರತಿಯೊಬ್ಬರೂ ಒಮ್ಮೆ ಎದುರಿಸುವ ಪ್ರಶ್ನೆ ಇದು. ಬ್ರಿಟನ್‌ನಲ್ಲಿ ನೆಲೆಸಿರುವ ಕನ್ನಡಿಗರಿಗೂ, ಅಲ್ಲಿರುವ ಮಕ್ಕಳ ಮನೆಗೆ ಹೋಗಿಬರುವ ಪೋಷಕರಿಗೂ ಉಪಯೋಗವಾಗುವ ಮಾಹಿತಿ ಇಲ್ಲಿದೆ.

ಕುದುರೆ ಎಳೆಯುತ್ತಿದ್ದ ಕಾಲದಿಂದ ಇಲ್ಲಿಯವರೆಗೆ

ವಿಹಾರಕ್ಕೆಂದೇ ಕ್ಯಾರವಾನ್ ಕಟ್ಟಿಸಿದವರಲ್ಲಿ ಮೊದಲಿಗರು ಡಾ. ವಿಲಿಯಂ ಗಾರ್ಡನ್ ಸ್ಟೇಬಲ್ಸ್. ನೌಕಾಪಡೆಯ ನಿವೃತ್ತ ವೈದ್ಯರೂ ಲೇಖಕರೂ ಆಗಿದ್ದ ಅವರು 1885ರಲ್ಲಿ 'ವಾಂಡರರ್' ಹೆಸರಿನ ಬಂಡಿಯಲ್ಲಿ ಇಂಗ್ಲೆಂಡ್‌ನಿಂದ ಸ್ಕಾಟ್‌ಲೆಂಡ್‌ವರೆಗೆ ಪ್ರಯಾಣ ಮಾಡಿದರು. ಅದನ್ನು ಎಳೆಯುತ್ತಿದ್ದುದು ಎರಡು ಕುದುರೆಗಳು. 1907ರಲ್ಲಿ ಕ್ಯಾರವಾನ್ ಕ್ಲಬ್ ಹುಟ್ಟಿಕೊಂಡಿತು. ಇಂದು ಅದರ ಹೆಸರು ಕ್ಯಾರವಾನ್ ಅಂಡ್ ಮೋಟಾರ್‌ಹೋಮ್ ಕ್ಲಬ್. ಕಾರು ಎಳೆಯುವ ಕ್ಯಾರವಾನ್‌ಗಳ ತಯಾರಿಕೆ ಮೊದಲ ಮಹಾಯುದ್ಧ ಮುಗಿದ ನಂತರ, 1919ರ ಸುಮಾರಿಗೆ ಬರ್ಮಿಂಗ್‌ಹ್ಯಾಮ್‌ನ ಎಕ್ಲೆಸ್ ಕಂಪನಿಯಿಂದ ಶುರುವಾಯಿತು.

ಈಗ ಬ್ರಿಟನ್‌ನಲ್ಲಿ ಸಾಮಾನ್ಯ ಕಾರು ಎಳೆಯುವ ಕ್ಯಾರವಾನ್‌ನ ಅಗಲ 2.55 ಮೀಟರ್ ಹಾಗೂ ಮುಂದಿನ ಕೊಂಡಿಯ ಭಾಗ ಬಿಟ್ಟು ಉದ್ದ 7 ಮೀಟರ್ ಮೀರುವಂತಿಲ್ಲ. 2021ರ ಡಿಸೆಂಬರ್ 16ರಿಂದ ಗ್ರೇಟ್ ಬ್ರಿಟನ್‌ನಲ್ಲಿ ನಿಯಮ ಸಡಿಲವಾಗಿದ್ದು, ಸಾಮಾನ್ಯ ಕಾರು ಲೈಸೆನ್ಸ್ ಇರುವವರು ಪ್ರತ್ಯೇಕ ಪರೀಕ್ಷೆ ಇಲ್ಲದೆ 3,500 ಕೆ.ಜಿ. ವರೆಗಿನ ಟ್ರೇಲರ್ ಎಳೆಯಬಹುದು. ಅಂದರೆ ರಿವರ್ಸ್ ತೆಗೆಯುವ ಅಭ್ಯಾಸವೇ ಇಲ್ಲದವರೂ ಈಗ ದೊಡ್ಡ ಕ್ಯಾರವಾನ್ ಕೊಳ್ಳಬಹುದು.

ತಳ್ಳಲು ಎಷ್ಟು ಶಕ್ತಿ ಬೇಕು?

ಇಲ್ಲಿ ಸ್ವಲ್ಪ ಲೆಕ್ಕ ಅಗತ್ಯ. ಕೆಲಸದ ಸ್ಥಳಗಳಲ್ಲಿ ಭಾರ ತಳ್ಳುವವರಿಗಾಗಿ ಬ್ರಿಟನ್‌ನ ಆರೋಗ್ಯ ಮತ್ತು ಸುರಕ್ಷತಾ ಸಂಸ್ಥೆ ಎಚ್‌ಎಸ್‌ಇ ಮಾರ್ಗಸೂಚಿ ನೀಡಿದೆ. ಅದರ ಪ್ರಕಾರ ಗಟ್ಟಿಯಾದ, ಸಮತಟ್ಟಾದ ನೆಲದಲ್ಲಿ ಚಕ್ರದ ಮೇಲಿರುವ ಭಾರವನ್ನು ಸರಿಸಲು ಆ ಭಾರದ ಕನಿಷ್ಠ ಶೇ. 2ರಷ್ಟು ಬಲ ಬೇಕು. ನಿಂತ ಭಾರವನ್ನು ಕದಲಿಸಲು ಅಥವಾ ಚಲಿಸುತ್ತಿರುವುದನ್ನು ನಿಲ್ಲಿಸಲು ಪುರುಷರಿಗೆ ಸುಮಾರು 20 ಕೆ.ಜಿ., ಮಹಿಳೆಯರಿಗೆ ಸುಮಾರು 15 ಕೆ.ಜಿ. ಬಲದ ಮಿತಿ ಸೂಕ್ತ ಎನ್ನುತ್ತದೆ ಅದೇ ಮಾರ್ಗಸೂಚಿ. ಚಲನೆಯಲ್ಲಿ ಇಟ್ಟುಕೊಳ್ಳಲು ಈ ಮಿತಿ ಕ್ರಮವಾಗಿ 10 ಮತ್ತು 7 ಕೆ.ಜಿ.

ಇದನ್ನು 1,400 ಕೆ.ಜಿ. ತೂಕದ ಕ್ಯಾರವಾನ್‌ಗೆ ಅನ್ವಯಿಸಿದರೆ ಚಿತ್ರ ಹೀಗಿದೆ:

* ಸಮತಟ್ಟಾದ ಕಾಂಕ್ರೀಟ್ ನೆಲ: ಕನಿಷ್ಠ 28 ಕೆ.ಜಿ. ಬಲ. ಇಬ್ಬರು ಸೇರಿದರೆ ಆಗುವ ಕೆಲಸ.
* 1 ಡಿಗ್ರಿ ಏರು: ಸುಮಾರು 52 ಕೆ.ಜಿ. ಕಣ್ಣಿಗೆ ಕಾಣದಷ್ಟು ಇಳಿಜಾರು ಇದು, ಆದರೂ ಮೂವರು ಬೇಕು.
* 3 ಡಿಗ್ರಿ ಏರು: ಸುಮಾರು 100 ಕೆ.ಜಿ. 19 ಮೀಟರ್ ಉದ್ದಕ್ಕೆ 1 ಮೀಟರ್ ಏರುವ ನೆಲ ಇದು. ಐವರು ಗಟ್ಟಿಗರು ಬೇಕು.
* 5 ಡಿಗ್ರಿ ಏರು: ಸುಮಾರು 150 ಕೆ.ಜಿ. ಕೈಯಿಂದ ಪ್ರಯತ್ನಿಸುವ ಮಾತೇ ಇಲ್ಲ.

ಇದೆಲ್ಲ ಗಟ್ಟಿ ನೆಲದ ಲೆಕ್ಕ. ಮಳೆಯಲ್ಲಿ ನೆನೆದ ಹುಲ್ಲು, ಸಡಿಲ ಜಲ್ಲಿಯ ಮೇಲೆ ಚಕ್ರ ಹೂತುಕೊಳ್ಳುವುದರಿಂದ ಸಮತಟ್ಟಾದ ಜಾಗದಲ್ಲೂ ಬಲ ಹಲವು ಪಟ್ಟು ಹೆಚ್ಚುತ್ತದೆ. ದಾರಿಯಲ್ಲಿ ಎರಡು ಬೆರಳು ಎತ್ತರದ ಅಂಚು ಸಿಕ್ಕರೂ ಸಾಕು, ಗಾಡಿ ಅಲ್ಲೇ ನಿಲ್ಲುತ್ತದೆ. ಅಂಥ ಕಡೆ ಹಲಗೆ ಅಥವಾ ಸಣ್ಣ ರ‍್ಯಾಂಪ್ ಇಡದೆ ಬೇರೆ ದಾರಿಯಿಲ್ಲ.

ಏರಿಗಿಂತ ಇಳಿಜಾರೇ ಅಪಾಯ

ಏರಿನಲ್ಲಿ ಶಕ್ತಿ ಸಾಲದಿದ್ದರೆ ಗಾಡಿ ಕದಲುವುದಿಲ್ಲ, ಅಷ್ಟೇ. ಇಳಿಜಾರಿನಲ್ಲಿ ಹಾಗಲ್ಲ. 3 ಡಿಗ್ರಿ ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಬಿಟ್ಟ ಕ್ಷಣವೇ 1,400 ಕೆ.ಜಿ. ಕ್ಯಾರವಾನ್ ಸುಮಾರು 45 ಕೆ.ಜಿ. ಬಲದಲ್ಲಿ ಕೆಳಕ್ಕೆ ಎಳೆಯತೊಡಗುತ್ತದೆ. ಎಚ್‌ಎಸ್‌ಇ ಮಿತಿಯಂತೆ ಇಬ್ಬರು ಪುರುಷರು ಸೇರಿ ಸುರಕ್ಷಿತವಾಗಿ ತಡೆಯಬಹುದಾದ್ದು 40 ಕೆ.ಜಿ. ಮಾತ್ರ. ಒಮ್ಮೆ ವೇಗ ಪಡೆದರೆ ನಾಲ್ವರು ಹಿಡಿದರೂ ನಿಲ್ಲುವುದಿಲ್ಲ. ಕೆಳಗೆ ನಿಂತು ಬೆನ್ನು ಕೊಟ್ಟು ತಡೆಯುತ್ತೇನೆಂದು ಹೊರಟವರು ಗೋಡೆಗೂ ಗಾಡಿಗೂ ನಡುವೆ ಸಿಕ್ಕಿಕೊಳ್ಳುವ ಅಪಾಯವಿದೆ. ಹಾಗಾಗಿಯೇ ಮೊದಲ ನಿಯಮ: ಇಳಿಜಾರಿನ ಕೆಳಭಾಗದಲ್ಲಿ ಯಾರೂ ನಿಲ್ಲಬಾರದು.

ಹ್ಯಾಂಡ್‌ಬ್ರೇಕ್ ಬಗ್ಗೆಯೂ ಒಂದು ಸೂಕ್ಷ್ಮ ಗೊತ್ತಿರಬೇಕು. ಈಗಿನ ಕ್ಯಾರವಾನ್‌ಗಳಲ್ಲಿ 'ಆಟೋ ರಿವರ್ಸ್' ಬ್ರೇಕ್ ಇರುತ್ತದೆ. ಕಾರು ಹಿಂದಕ್ಕೆ ಹೋಗುವಾಗ ಕ್ಯಾರವಾನ್ ಚಕ್ರ ತಾನೇ ಬಿಗಿದುಕೊಳ್ಳಬಾರದು ಎಂಬುದಕ್ಕಾಗಿ ಮಾಡಿದ ವ್ಯವಸ್ಥೆ ಇದು. ಇದರಿಂದಾಗಿ ಏರಿನಲ್ಲಿ ಮೂತಿ ಮೇಲಾಗಿ ನಿಂತ ಕ್ಯಾರವಾನ್, ಹ್ಯಾಂಡ್‌ಬ್ರೇಕ್ ಎಳೆದ ನಂತರವೂ ಒಂದಿಷ್ಟು ಹಿಂದಕ್ಕೆ ಜಾರಿ ಆಮೇಲೆ ಬಿಗಿಯಾಗುತ್ತದೆ. ಆದ್ದರಿಂದ ಲಿವರ್ ಅನ್ನು ಅರ್ಧಕ್ಕೆ ಬಿಡದೆ ಪೂರ್ತಿ ಮೇಲಕ್ಕೆ ಎಳೆಯಬೇಕು, ಜೊತೆಗೆ ಚಕ್ರಕ್ಕೆ ಅಡೆ ಕೊಡಲೇಬೇಕು.

ಕೈಯಿಂದ ಸರಿಸುವ ಸರಿಯಾದ ಕ್ರಮ

ಸಣ್ಣ ಕ್ಯಾರವಾನ್, ಗಟ್ಟಿ ಹಾಗೂ ಸಮತಟ್ಟಾದ ನೆಲ, ಇಬ್ಬರು ಅಥವಾ ಮೂವರು ಆರೋಗ್ಯವಂತರು: ಈ ಮೂರೂ ಇದ್ದರೆ ಕೈಯಿಂದ ಸರಿಸುವುದು ಸುಲಭ, ಖರ್ಚೂ ಇಲ್ಲ. ದಶಕಗಳ ಕಾಲ ಬ್ರಿಟನ್‌ನ ಜನ ಮಾಡಿಕೊಂಡು ಬಂದದ್ದೂ ಇದನ್ನೇ. ಕ್ಯಾಂಪ್ ಸೈಟ್‌ನಲ್ಲಿ ಒಬ್ಬರು ತಳ್ಳಲು ಒದ್ದಾಡುತ್ತಿದ್ದರೆ ಅಕ್ಕಪಕ್ಕದವರು ಬಂದು ಕೈಜೋಡಿಸುವುದು ಅಲ್ಲಿ ವಾಡಿಕೆ.

ಆದರೆ ಎಲ್ಲೆಂದರಲ್ಲಿ ಕೈಯಿಟ್ಟು ತಳ್ಳುವಂತಿಲ್ಲ. ಕ್ಯಾರವಾನ್ ಗೋಡೆ ತೆಳುವಾದ ಅಲ್ಯೂಮಿನಿಯಂ ಅಥವಾ ಫೈಬರ್ ಹಾಳೆಯದು, ಕಿಟಕಿ ಅಕ್ರಿಲಿಕ್‌ನದು. ಜೋರಾಗಿ ಒತ್ತಿದರೆ ತಗ್ಗು ಬೀಳುತ್ತದೆ, ಇಲ್ಲವೇ ಬಿರುಕು ಬಿಡುತ್ತದೆ. ಮೂಲೆಗಳಲ್ಲಿ ಇದಕ್ಕಾಗಿಯೇ ಕೊಟ್ಟಿರುವ ಹಿಡಿಗಳನ್ನು ಅಥವಾ ಮುಂಭಾಗದ ತ್ರಿಕೋನಾಕಾರದ ಉಕ್ಕಿನ ಚೌಕಟ್ಟನ್ನು ಮಾತ್ರ ಹಿಡಿಯಬೇಕು.

ಕ್ರಮ ಹೀಗಿರಲಿ:

1. ದಾರಿಯನ್ನು ಮೊದಲು ನಡೆದು ನೋಡಿ. ಕಲ್ಲು, ಗುಂಡಿ, ಮರದ ಕೊಂಬೆ, ನೀರಿನ ಪೈಪ್ ಇದ್ದರೆ ಗುರುತಿಸಿ. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ದೂರ ಇರಿಸಿ.
2. ನಾಲ್ಕು ಮೂಲೆಯ ಆಧಾರ ಕಾಲುಗಳು ಪೂರ್ತಿ ಮೇಲಿವೆಯೇ ಎಂದು ನೋಡಿ.
3. ಮುಂದಿನ ಸಣ್ಣ ಜಾಕಿ ಚಕ್ರದ ಕ್ಲ್ಯಾಂಪ್ ಬಿಗಿಯಾಗಿರಲಿ. ಅದರ ಕಂಬವನ್ನು ಅಗತ್ಯಕ್ಕಿಂತ ಉದ್ದ ಚಾಚಬೇಡಿ. ಬಾಗುವ ಸಾಧ್ಯತೆ ಇದೆ.
4. ಒಬ್ಬರು ಬೇರೇನೂ ಮಾಡದೆ ಹ್ಯಾಂಡ್‌ಬ್ರೇಕ್ ಬಳಿಯೇ ಇರಲಿ. 'ನಿಲ್ಲಿ' ಎಂಬ ಮಾತು ಹೇಳುವವರೂ ಅವರೇ ಆಗಿರಲಿ.
5. ಬೆನ್ನು ನೇರವಾಗಿರಲಿ, ಬಲ ಕಾಲಿನಿಂದ ಬರಲಿ. ಹಠಾತ್ತನೆ ಜಗ್ಗುವುದು ಬೇಡ. ಎಳೆಯುವುದಕ್ಕಿಂತ ತಳ್ಳುವುದು ಸೊಂಟಕ್ಕೆ ಹಿತ.
6. ನಿಂತ ಕೂಡಲೇ ಮೊದಲು ಹ್ಯಾಂಡ್‌ಬ್ರೇಕ್, ನಂತರ ಚಕ್ರಕ್ಕೆ ಅಡೆ.

ತಿರುಗಿಸುವುದು ತಳ್ಳುವುದಕ್ಕಿಂತ ಸುಲಭ. ಒಂದೇ ಅಚ್ಚಿನ, ಅಂದರೆ ಎರಡು ಚಕ್ರದ ಕ್ಯಾರವಾನ್‌ನ ಮೂತಿ ಚಕ್ರದಿಂದ ಹಲವು ಅಡಿ ಮುಂದಿರುತ್ತದೆ. ಉದ್ದನೆಯ ಹಾರೆಯಿಂದ ಬಂಡೆ ಮೀಟಿದ ಹಾಗೆ, ಮೂತಿಯನ್ನು ಪಕ್ಕಕ್ಕೆ ಸರಿಸಿದರೆ ಕಡಿಮೆ ಬಲದಲ್ಲೇ ಇಡೀ ಗಾಡಿ ತಿರುಗುತ್ತದೆ. ಆದರೆ ಮೂತಿ ಎಡಕ್ಕೆ ಹೋದಾಗ ಹಿಂಭಾಗ ಬಲಕ್ಕೆ ಬೀಸುತ್ತದೆ ಎಂಬುದನ್ನು ಮರೆಯಬಾರದು. ಬೇಲಿಗೆ, ಪಕ್ಕದ ಕಾರಿಗೆ ತಾಗುವುದು ಹೆಚ್ಚಾಗಿ ಈ ಹಿಂಬದಿಯ ಮೂಲೆಯೇ. ಎರಡು ಅಚ್ಚಿನ, ನಾಲ್ಕು ಚಕ್ರದ ಕ್ಯಾರವಾನ್‌ಗೆ ಈ ಸೌಲಭ್ಯವಿಲ್ಲ. ತಿರುಗುವಾಗ ಟೈರ್‌ಗಳು ನೆಲಕ್ಕೆ ಅಡ್ಡಲಾಗಿ ಉಜ್ಜಬೇಕಾಗುವುದರಿಂದ ಕೈಯಿಂದ ತಿರುಗಿಸುವುದು ಬಹಳ ಕಷ್ಟ.

ಮೂತಿಯನ್ನು ಕೈಯಿಂದ ಎತ್ತಿ ಪಕ್ಕಕ್ಕಿಡುವ ಸಾಹಸ ಮಾತ್ರ ಬೇಡ. ಕ್ಯಾರವಾನ್‌ನ ಒಟ್ಟು ತೂಕದ ಶೇ. 5ರಿಂದ 7ರಷ್ಟು ಭಾರ ಮೂತಿಯ ಮೇಲಿರಬೇಕು ಎಂಬುದು ರಸ್ತೆ ಸ್ಥಿರತೆಗಾಗಿ ನೀಡುವ ಸಲಹೆ. 1,400 ಕೆ.ಜಿ. ಗಾಡಿಗೆ ಇದು 70ರಿಂದ 98 ಕೆ.ಜಿ. ಆಗುತ್ತದೆ. ಬಗ್ಗಿ ನಿಂತು ಒಂದು ಅಕ್ಕಿ ಮೂಟೆಗಿಂತ ಭಾರ ಎತ್ತಿದಂತೆ!

ಏನಿದು ಮೋಟಾರ್ ಮೂವರ್?

ಹೆಸರು ದೊಡ್ಡದಾದರೂ ತತ್ವ ಸರಳ. ಕ್ಯಾರವಾನ್‌ನ ಅಡಿಯಲ್ಲಿ, ಎಡ ಮತ್ತು ಬಲ ಚಕ್ರದ ಪಕ್ಕದಲ್ಲಿ ಒಂದೊಂದು ವಿದ್ಯುತ್ ಮೋಟಾರ್ ಕೂರಿಸಲಾಗುತ್ತದೆ. ಪ್ರತಿ ಮೋಟಾರ್‌ಗೂ ಒರಟು ಮೇಲ್ಮೈಯ ಲೋಹದ ರೋಲರ್ ಇರುತ್ತದೆ. ಬೇಕೆಂದಾಗ ಈ ರೋಲರ್ ಟೈರ್‌ಗೆ ಒತ್ತಿ ಕೂರುತ್ತದೆ. ರೋಲರ್ ತಿರುಗಿದರೆ ಟೈರ್ ತಿರುಗುತ್ತದೆ. ಅಗ್ಗದ ಮಾದರಿಗಳಲ್ಲಿ ರೋಲರ್ ಕೂರಿಸಲು ಕೈಯಿಂದ ಲಿವರ್ ತಿರುವಬೇಕು. ದುಬಾರಿ ಮಾದರಿಗಳಲ್ಲಿ ಬಟನ್ ಒತ್ತಿದರೆ ಸಾಕು.

ಕ್ಯಾರವಾನ್‌ನಲ್ಲಿ ದೀಪ, ಪಂಪ್‌ಗೆಂದು ಇರುವ 12 ವೋಲ್ಟ್ ಬ್ಯಾಟರಿಯಿಂದಲೇ ಇದಕ್ಕೂ ವಿದ್ಯುತ್. ನಿಯಂತ್ರಣವೆಲ್ಲ ಕೈಯಲ್ಲಿರುವ ರಿಮೋಟ್‌ನಲ್ಲಿ. ಎರಡೂ ಮೋಟಾರ್ ಒಂದೇ ದಿಕ್ಕಿಗೆ ತಿರುಗಿದರೆ ಗಾಡಿ ನೇರ ಹೋಗುತ್ತದೆ. ಒಂದೇ ತಿರುಗಿದರೆ ಬಾಗುತ್ತದೆ. ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗಿದರೆ ಒಂದೇ ಅಚ್ಚಿನ ಕ್ಯಾರವಾನ್ ನಿಂತಲ್ಲೇ ಸುತ್ತು ಹಾಕುತ್ತದೆ. ವೇಗ ಸೆಕೆಂಡಿಗೆ ಸುಮಾರು 15 ಸೆಂಟಿಮೀಟರ್, ಅಂದರೆ ನಿಮಿಷಕ್ಕೆ 9 ಮೀಟರ್ ಆಸುಪಾಸು. ಟ್ರುಮಾ, ಆಲ್‌ಕೊ, ಪವರ್‌ಟಚ್, ರೈಷ್ ಮುಂತಾದವು ಈ ಕ್ಷೇತ್ರದ ಪರಿಚಿತ ಹೆಸರುಗಳು.

ನಿಧಾನ ಎನಿಸಿದರೂ ಇದರ ದೊಡ್ಡ ಗುಣ ಇರುವುದು ನಿಲ್ಲುವುದರಲ್ಲಿ. ಬಟನ್‌ನಿಂದ ಬೆರಳು ತೆಗೆದ ಕೂಡಲೇ ಮೋಟಾರ್ ನಿಲ್ಲುತ್ತದೆ, ಗೇರ್ ವ್ಯವಸ್ಥೆ ಚಕ್ರವನ್ನು ಹಿಡಿದಿಡುತ್ತದೆ. ಇಳಿಜಾರಿನಲ್ಲಿ ಇಬ್ಬರು ಪುರುಷರ ಕೈಗೆ ಸಿಗದ ಗಾಡಿ ಒಬ್ಬ ಹಿರಿಯ ಮಹಿಳೆಯ ಹೆಬ್ಬೆರಳಿನ ಹಿಡಿತದಲ್ಲಿರುತ್ತದೆ. ಕಾರಿನ ಕೊಂಡಿಯ ನೇರಕ್ಕೆ ಇಂಚಿಂಚಾಗಿ ತರಲು, ನೆಲ ಓರೆಯಿದ್ದಾಗ ಮಟ್ಟ ಮಾಡುವ ರ‍್ಯಾಂಪ್ ಮೇಲೆ ಹತ್ತಿಸಲು ಕೂಡ ಇದು ಅನುಕೂಲ.

ಬಳಸುವಾಗ ಈ ಕ್ರಮ ತಪ್ಪಬಾರದು

ಮೋಟಾರ್ ಮೂವರ್ ಇದ್ದೂ ಅನಾಹುತವಾಗುವುದು ಕ್ರಮ ತಪ್ಪಿದಾಗ. ಕೊಂಡಿ ಬಿಚ್ಚುವಾಗ ಮೊದಲು ಹ್ಯಾಂಡ್‌ಬ್ರೇಕ್ ಎಳೆಯಿರಿ, ಚಕ್ರಕ್ಕೆ ಅಡೆ ಕೊಡಿ, ಜಾಕಿ ಚಕ್ರ ಇಳಿಸಿ. ಕಾರಿಗೆ ಕೊಂಡಿ ಇರುವಾಗಲೇ ರೋಲರ್‌ಗಳನ್ನು ಟೈರ್‌ಗೆ ಕೂರಿಸಿ. ನಂತರವೇ ಕೊಂಡಿ ಬಿಚ್ಚಿ, ಕಾರನ್ನು ದೂರ ಒಯ್ಯಿರಿ. ಈಗ ಅಡೆ ತೆಗೆದು, ಹ್ಯಾಂಡ್‌ಬ್ರೇಕ್ ಬಿಟ್ಟು ರಿಮೋಟ್ ಒತ್ತಿ. ಗಾಡಿಯನ್ನು ಸುತ್ತುವರಿದು ನೋಡುತ್ತಾ, ಗಾಡಿ ಬರುವ ದಾರಿಯಿಂದ ಹೊರಗೆ ನಿಂತೇ ನಡೆಸಿ.

ನಿಲ್ಲಿಸಿದ ಮೇಲೆ ಇದರ ತಿರುವುಮುರುವು: ಮೊದಲು ಹ್ಯಾಂಡ್‌ಬ್ರೇಕ್, ಅಡೆ, ಆಮೇಲೆ ರೋಲರ್ ಬಿಡಿಸುವುದು. ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯುವ ಮೊದಲೇ ರೋಲರ್ ಬಿಡಿಸಿದರೆ ಗಾಡಿಯನ್ನು ಹಿಡಿದಿಡುವ ಯಾವುದೂ ಉಳಿದಿರುವುದಿಲ್ಲ. ಕೊನೆಗೆ ಮೂವರ್‌ನ ವಿದ್ಯುತ್ ಸಂಪರ್ಕ ಕಡಿತಗೊಳಿಸುವ ಸ್ವಿಚ್ ಆಫ್ ಮಾಡಿ.

ಇನ್ನೆರಡು ಎಚ್ಚರಿಕೆ. ರೋಲರ್ ಟೈರ್‌ಗೆ ಕೂತಿರುವಾಗಲೇ ಕ್ಯಾರವಾನ್ ಎಳೆದುಕೊಂಡು ಹೊರಟರೆ ಟೈರ್, ಮೋಟಾರ್ ಎರಡೂ ಹಾಳು. ಹಾಗೆಯೇ ಪಾರ್ಕಿಂಗ್ ಬ್ರೇಕ್‌ಗೆ ಬದಲಾಗಿ ರೋಲರ್‌ಗಳನ್ನು ತಿಂಗಳುಗಟ್ಟಲೆ ಒತ್ತಿಟ್ಟರೆ ಟೈರ್ ಆಕಾರ ಕೆಡುತ್ತದೆ.

ಬ್ಯಾಟರಿ ಸಾಕಾಗುತ್ತದೆಯೇ?

ಇದು ಹೊಸಬರ ಸಾಮಾನ್ಯ ಆತಂಕ. ಸಮತಟ್ಟಾದ ನೆಲದಲ್ಲಿ ಮೂವರ್ ಸುಮಾರು 30 ಆಂಪಿಯರ್ ಬಳಸುತ್ತದೆ ಎಂದುಕೊಂಡರೆ 5 ನಿಮಿಷದ ಕೆಲಸಕ್ಕೆ ಖರ್ಚಾಗುವುದು 2.5 ಆಂಪಿಯರ್ ಅವರ್ ಮಾತ್ರ. 100 ಆಂಪಿಯರ್ ಅವರ್ ಬ್ಯಾಟರಿಗೆ ಇದು ಲೆಕ್ಕಕ್ಕೇ ಇಲ್ಲ. ಸಮಸ್ಯೆ ಇರುವುದು ಏರಿನಲ್ಲಿ. ಅಲ್ಲಿ ಕ್ಷಣಮಾತ್ರಕ್ಕೆ ಬಳಕೆ 100 ಆಂಪಿಯರ್ ದಾಟಬಹುದು. ಹಳೆಯ, ದುರ್ಬಲ ಬ್ಯಾಟರಿ ಈ ಹೊಡೆತ ತಾಳದೆ ವೋಲ್ಟೇಜ್ ಕುಸಿದು ಮೂವರ್ ನಡುದಾರಿಯಲ್ಲೇ ಕೈಕೊಡುತ್ತದೆ.

ಚಳಿಗಾಲವಿಡೀ ನಿಲ್ಲಿಸಿಟ್ಟ ಕ್ಯಾರವಾನ್‌ನಲ್ಲಿ ಅಲಾರಂ, ಟ್ರ್ಯಾಕರ್‌ಗಳು ಸದ್ದಿಲ್ಲದೆ ಬ್ಯಾಟರಿ ಬರಿದು ಮಾಡಿರುತ್ತವೆ. ಹೊರಡುವ ಹಿಂದಿನ ದಿನವೇ ಚಾರ್ಜ್ ಮಾಡಿಟ್ಟುಕೊಳ್ಳುವುದು, ಸಾಧ್ಯವಾದರೆ ಚಾವಣಿಗೆ ಸೋಲಾರ್ ಫಲಕ ಹಾಕಿಸುವುದು ಒಳ್ಳೆಯದು.

ಹಣಕ್ಕಿಂತ ತೂಕದ ಲೆಕ್ಕ ಮುಖ್ಯ

ಮೂವರ್‌ನ ಬೆಲೆ ಮಾದರಿಗೆ ತಕ್ಕಂತೆ ಕೆಲವು ನೂರು ಪೌಂಡ್‌ಗಳಿಂದ ಸಾವಿರ ಪೌಂಡ್‌ಗೂ ಮೇಲಿದೆ. ನಾಲ್ಕು ಚಕ್ರಕ್ಕೂ ಮೋಟಾರ್ ಬೇಕಾದರೆ ಇನ್ನೂ ಹೆಚ್ಚು. ಆದರೆ ಹಲವರು ಗಮನಿಸದ ಇನ್ನೊಂದು ಬೆಲೆ ಇದೆ: ತೂಕ. ಎರಡು ಮೋಟಾರ್‌ನ ಮೂವರ್ ಸುಮಾರು 30ರಿಂದ 40 ಕೆ.ಜಿ. ತೂಗುತ್ತದೆ. ಇದಕ್ಕೆ ತಕ್ಕ ಬ್ಯಾಟರಿ ಇನ್ನೊಂದು 20-25 ಕೆ.ಜಿ.

ಪ್ರತಿ ಕ್ಯಾರವಾನ್‌ಗೂ ತಯಾರಕರು ನಿಗದಿಪಡಿಸಿದ ಗರಿಷ್ಠ ತೂಕವಿರುತ್ತದೆ. ಖಾಲಿ ಗಾಡಿಯ ತೂಕ ಕಳೆದರೆ ಬಟ್ಟೆಬರೆ, ಪಾತ್ರೆ, ಆಹಾರ, ಗ್ಯಾಸ್, ಹೊರಗಿನ ಟೆಂಟ್‌ಗೆ ಉಳಿಯುವುದು ಹಲವು ಮಾದರಿಗಳಲ್ಲಿ 150 ಕೆ.ಜಿ. ಆಸುಪಾಸು. ನಂತರ ಹಾಕಿಸಿದ ಮೂವರ್ ಈ 150 ಕೆ.ಜಿ.ಯಲ್ಲೇ ಪಾಲು ಕೇಳುತ್ತದೆ. ಗರಿಷ್ಠ ಮಿತಿ ಮೀರಿ ರಸ್ತೆಗಿಳಿದರೆ ಅದು ಕಾನೂನು ಉಲ್ಲಂಘನೆ. ಟೈರ್ ಸಿಡಿಯುವ, ಗಾಡಿ ಓಲಾಡುವ ಅಪಾಯವೂ ಇದೆ. ಕೊಳ್ಳುವ ಮುನ್ನ ಕ್ಯಾರವಾನ್ ಬಾಗಿಲ ಬಳಿಯ ತೂಕದ ಫಲಕ ಓದಿ ಲೆಕ್ಕ ಹಾಕಲೇಬೇಕು.

ವಿಮೆಯ ಕಡೆಗೂ ಗಮನವಿರಲಿ. ಕಾರಿನ ವಿಮೆ ಮೂರನೆಯವರಿಗೆ ಆಗುವ ಹಾನಿಯನ್ನು ಭರಿಸುವುದು ಸಾಮಾನ್ಯವಾಗಿ ಕ್ಯಾರವಾನ್ ಕಾರಿಗೆ ಕೊಂಡಿಯಾಗಿರುವಾಗ. ಬಿಚ್ಚಿದ ಮೇಲೆ ತಳ್ಳುವಾಗಲೋ ರಿಮೋಟ್‌ನಲ್ಲಿ ನಡೆಸುವಾಗಲೋ ಪಕ್ಕದವರ ಕಾರಿಗೆ ಗುದ್ದಿದರೆ ಹೊಣೆ ಯಾರದು ಎಂಬುದನ್ನು ಪಾಲಿಸಿ ಪತ್ರದಲ್ಲಿ ಓದಿಟ್ಟುಕೊಳ್ಳಬೇಕು.

ಮೂವರ್ ಇದ್ದರೂ ಮಿತಿಗಳಿವೆ

ಕೆಸರಿನಲ್ಲಿ ರೋಲರ್ ಜಾರುತ್ತದೆ, ಟೈರ್ ತಿರುಗುವುದಿಲ್ಲ. ಸಡಿಲ ಜಲ್ಲಿಯಲ್ಲಿ ಜಾಕಿ ಚಕ್ರ ನೇಗಿಲಿನಂತೆ ಹೂತುಕೊಳ್ಳುತ್ತದೆ. ಇಂಥಲ್ಲಿ ಹಿಂದುಮುಂದಾಗಿ ನಡೆಸಿದರೆ ಜಾಕಿ ಚಕ್ರ ಹಿಂದೆ ಎಳೆದುಕೊಂಡು ಬರುವುದರಿಂದ ಸಲೀಸು. ಅಗಲವಾದ, ಗಾಳಿ ತುಂಬಿದ ಜಾಕಿ ಚಕ್ರ ಹಾಕಿಸಿಕೊಳ್ಳುವುದೂ ಉಪಾಯ. ನಾಲ್ಕು ಚಕ್ರದ ಕ್ಯಾರವಾನ್‌ಗೆ ಎರಡೇ ಮೋಟಾರ್ ಇದ್ದರೆ ನಿಂತಲ್ಲೇ ಸುತ್ತುವುದನ್ನು ನಿರೀಕ್ಷಿಸುವಂತಿಲ್ಲ. ಮುಂದೆ ಹಿಂದೆ ಮಾಡುತ್ತಲೇ ಬಾಗಿಸಬೇಕು.

ನಿರ್ವಹಣೆಯೂ ಬೇಕು. ಬಿಡಿಸಿದಾಗ ರೋಲರ್‌ಗೂ ಟೈರ್‌ಗೂ ನಡುವೆ ಸಾಮಾನ್ಯವಾಗಿ ಸುಮಾರು 20 ಮಿಲಿಮೀಟರ್ ಅಂತರವಿರಬೇಕು. ಟೈರ್‌ನ ಗಾಳಿ ಕಡಿಮೆಯಾದರೆ ಹಿಡಿತ ಬದಲಾಗುತ್ತದೆ, ಹೊಸ ಟೈರ್ ಹಾಕಿದರೆ ಈ ಅಂತರವೂ ಬದಲಾಗುತ್ತದೆ. ಪ್ರವಾಸ ಮುಗಿದ ಮೇಲೆ ಕೆಸರು ತೊಳೆಯುವುದನ್ನು ಮರೆಯಬಾರದು.

ಬೇರೆ ದಾರಿಗಳೇನು?

ಕಾರಿನಿಂದಲೇ ರಿವರ್ಸ್ ತೆಗೆಯುವುದನ್ನು ಕಲಿಯುವುದು ಖರ್ಚಿಲ್ಲದ ದಾರಿ. ಕ್ಯಾರವಾನ್ ಹಿಂಭಾಗ ಎಡಕ್ಕೆ ಹೋಗಬೇಕಾದರೆ ಮೊದಲು ಸ್ಟೀರಿಂಗ್ ಬಲಕ್ಕೆ ತಿರುಗಿಸಬೇಕು. ಖಾಲಿ ಮೈದಾನದಲ್ಲಿ ನಿಧಾನವಾಗಿ ಅಭ್ಯಾಸ ಮಾಡಿದರೆ ಇದು ಕೈಹತ್ತುತ್ತದೆ. ಕ್ಯಾರವಾನ್ ಅಂಡ್ ಮೋಟಾರ್‌ಹೋಮ್ ಕ್ಲಬ್ ಇದಕ್ಕಾಗಿ ತರಬೇತಿಯನ್ನೂ ನಡೆಸುತ್ತದೆ. ಕಾರಿನ ಮುಂಭಾಗಕ್ಕೂ ಒಂದು ಕೊಂಡಿ ಹಾಕಿಸಿ, ಕಣ್ಣೆದುರೇ ನೋಡುತ್ತಾ ತಳ್ಳುವವರೂ ಇದ್ದಾರೆ. ಜಾಗ ತೀರಾ ಇಕ್ಕಟ್ಟಾದವರು ಮನೆಯ ಬದಲು ಬಾಡಿಗೆ ಸಂಗ್ರಹಾಗಾರದಲ್ಲಿ ಕ್ಯಾರವಾನ್ ಇರಿಸುತ್ತಾರೆ.

ಹಾಗಾದರೆ ಯಾರಿಗೆ ಯಾವುದು?

* ಸಾವಿರ ಕೆ.ಜಿ. ಒಳಗಿನ ಕ್ಯಾರವಾನ್, ಸಮತಟ್ಟಾದ ಗಟ್ಟಿ ನೆಲ, ಜೊತೆಗೆ ಒಬ್ಬರಾದರೂ ಇದ್ದರೆ: ಕೈಯಿಂದಲೇ ಸಾಕು. ತೂಕ, ಹಣ ಎರಡೂ ಉಳಿತಾಯ.
* ಮನೆಯ ಮುಂದೆ ಇಳಿಜಾರು ಇದ್ದರೆ: ಕ್ಯಾರವಾನ್ ಚಿಕ್ಕದಾದರೂ ಮೂವರ್ ಹಾಕಿಸುವುದು ಜಾಣತನ.
* ಒಬ್ಬರೇ ಪ್ರವಾಸ ಹೋಗುವವರು, ಹಿರಿಯರು, ಬೆನ್ನು, ಮಂಡಿ ಅಥವಾ ಹೃದಯದ ತೊಂದರೆ ಇರುವವರು: ಕೈಯಿಂದ ತಳ್ಳುವ ಯೋಚನೆ ಬೇಡ.
* ನಾಲ್ಕು ಚಕ್ರದ ದೊಡ್ಡ ಕ್ಯಾರವಾನ್: ರಿವರ್ಸ್‌ನಲ್ಲಿ ಪಳಗಿದವರನ್ನು ಬಿಟ್ಟರೆ ಉಳಿದವರಿಗೆ ಮೂವರ್ ಅನಿವಾರ್ಯ.
* ವರ್ಷವಿಡೀ ಒಂದೇ ಜಾಗದಲ್ಲಿ ನಿಲ್ಲಿಸಿಡುವವರು: ಖರ್ಚು ಮಾಡುವ ಅಗತ್ಯವಿಲ್ಲ.

ಭಾರತದಲ್ಲಿ ಕಾರು ಎಳೆಯುವ ಕ್ಯಾರವಾನ್‌ಗಳು ಇನ್ನೂ ಅಪರೂಪ. ಕೇರಳ ಸರ್ಕಾರ 2021ರಲ್ಲಿ ಆರಂಭಿಸಿದ 'ಕೇರವಾನ್ ಕೇರಳ' ಯೋಜನೆಯಲ್ಲೂ ಎಂಜಿನ್ ಇರುವ ವಾಹನಗಳದ್ದೇ ಪಾರಮ್ಯ. ಆದರೆ ಮೇಲಿನ ಲೆಕ್ಕ ಕ್ಯಾರವಾನ್‌ಗೆ ಮಾತ್ರ ಸೀಮಿತವಲ್ಲ. ಮುಂಬೈ, ಪುಣೆಯ ಅಪಾರ್ಟ್‌ಮೆಂಟ್ ನೆಲಮಾಳಿಗೆಯಲ್ಲಿ ಕೆಟ್ಟು ನಿಂತ ಕಾರು ತಳ್ಳುವಾಗಲೂ ಇದೇ ಸತ್ಯ. ಸಮತಟ್ಟಿನಲ್ಲಿ ಇಬ್ಬರಿಗೆ ಒಗ್ಗುವ ಗಾಡಿ ರ‍್ಯಾಂಪ್ ಮೇಲೆ ಯಾರ ಮಾತೂ ಕೇಳುವುದಿಲ್ಲ. ತಳ್ಳುವ ಮೊದಲು ನೆಲದ ಓರೆ ನೋಡಿ, ಬ್ರೇಕ್ ಬಳಿ ಒಬ್ಬರನ್ನು ಕೂರಿಸಿ, ಕೆಳಭಾಗದಲ್ಲಿ ಯಾರೂ ಇಲ್ಲವೆಂದು ಖಚಿತಪಡಿಸಿಕೊಳ್ಳಿ.